ಕೈಚಾಚಿದರೆ ಮುಟ್ಟುವಷ್ಟು ದೂರ

ಉಡುಪಿ, ಮಂಗಳೂರಿನ ಉತ್ಸವಗಳಲ್ಲಿ ಸಂಜೆಯ ಮೊದಲ ಕರ್ನಾಟಕ ಸಂಗೀತ ಕಚೇರಿ ಹೆಚ್ಚಾಗಿ ಎಳೆಯರದು. ಹದಿನಾರರಿಂದ ಇಪ್ಪತ್ತೆರಡರೊಳಗಿನ ನಾಲ್ಕೈದು ಮಂದಿ: ಹಾಡುಗಾರಿಕೆ, ಪಿಟೀಲು, ಮೃದಂಗ, ಜೊತೆಗೆ ಘಟ ಅಥವಾ ಖಂಜಿರ. ಆಮಂತ್ರಣ ಪತ್ರಿಕೆಯಲ್ಲಿ ಒಂದೂವರೆ ಗಂಟೆ ಎಂದು ಅಚ್ಚಾಗಿರುತ್ತದೆ. ಎದುರಿಗೆ ಕೂತವರಲ್ಲಿ ಅರ್ಧ ಮಂದಿ ಅಪ್ಪ, ಅಮ್ಮ, ಅಜ್ಜಿ, ಗುರುಗಳು. ಉಳಿದವರು ಮುಂದಿನ ದೊಡ್ಡ ಕಚೇರಿಗೆ ಜಾಗ ಹಿಡಿಯಲು ಬಂದವರು.

ಈ ಮಕ್ಕಳ ಪಾಠಾಂತರದಲ್ಲಿ, ಅಂದರೆ ಗುರುಗಳಿಂದ ಕಲಿತದ್ದರಲ್ಲಿ, ಸಾಮಾನ್ಯವಾಗಿ ಕೊರತೆ ಇರುವುದಿಲ್ಲ. ಗುರುಗಳ ಮನೆಯ ಚಾವಡಿಯಲ್ಲಿ ಹಾಡಿದಾಗ ಬೆರಗಾಗುವಂತೆ ಹಾಡುತ್ತಾರೆ. ಅದೇ ತಂಡ ಉಡುಪಿ ಕೃಷ್ಣಮಠದ ರಾಜಾಂಗಣದಂಥ ವಿಶಾಲ ವೇದಿಕೆ ಹತ್ತಿದ ಇಪ್ಪತ್ತು ನಿಮಿಷದೊಳಗೆ ಲಯ ಓಡತೊಡಗುತ್ತದೆ, ಪಿಟೀಲು ಅರ್ಧ ಹೆಜ್ಜೆ ಹಿಂದೆ ಬೀಳುತ್ತದೆ, ಶ್ರುತಿ ಎಲ್ಲಿಗೋ ಹೋಗುತ್ತದೆ. ಜನ ಇದಕ್ಕೆ ಸಭಾಕಂಪನ ಎಂದು ಹೆಸರಿಟ್ಟು ಸುಮ್ಮನಾಗುತ್ತಾರೆ. ನಮ್ಮ ಎಣಿಕೆಯಲ್ಲಿ ಹತ್ತಕ್ಕೆ ಎಂಟು ಸಲ ಕಾರಣ ಇಷ್ಟೇ: ಒಬ್ಬರಿಗೆ ಇನ್ನೊಬ್ಬರು ಕೇಳಿಸುತ್ತಿಲ್ಲ.

ಯುರೋಪಿನವರು ಚೇಂಬರ್ ಸಂಗೀತ ಅನ್ನುವುದು ಕೋಣೆಯೊಳಗೆ ಹತ್ತಿರ ಹತ್ತಿರ ಕೂತು ನುಡಿಸುವುದಕ್ಕೆ. ಎರಡು ಪಿಟೀಲು, ಒಂದು ವಿಯೋಲಾ, ಒಂದು ಚೆಲ್ಲೊ ಸೇರಿದ ಅವರ ಕ್ವಾರ್ಟೆಟ್‌ಗೆ ಕೋಲು ಬೀಸುವ ನಿರ್ದೇಶಕ ಇರುವುದಿಲ್ಲ. ಒಬ್ಬರ ಉಸಿರನ್ನೂ ಕಮಾನನ್ನೂ ನೋಡಿ ಇನ್ನೊಬ್ಬರು ಹೊರಡಬೇಕು. ನಮ್ಮ ಕಚೇರಿಯೂ ಅದೇ ಕುಲದ್ದು. ಅವರೆದುರು ಬರೆದಿಟ್ಟ ಸ್ವರವಾದರೂ ಇರುತ್ತದೆ. ಇಲ್ಲಿ ಹಾಡುವವಳು ಕಲ್ಪನಾಸ್ವರವನ್ನು (ಆ ಕ್ಷಣಕ್ಕೆ ಹೊಳೆದಂತೆ ಹಾಡುವ ಸ್ವರಗಳನ್ನು) ಎಲ್ಲಿ ಮುಗಿಸುತ್ತಾಳೆ ಎನ್ನುವುದು ಅವಳು ಮುಗಿಸುವವರೆಗೆ ಪಿಟೀಲಿನವನಿಗೆ ಗೊತ್ತಿಲ್ಲ. ಕಿವಿಯೊಂದೇ ಆಧಾರ. ಹಾಗಾಗಿ ಕೋಣೆಯಲ್ಲಿದ್ದ ಆ ಹತ್ತಿರವನ್ನು ವೇದಿಕೆಯ ಮೇಲೂ ಉಳಿಸಿಕೊಳ್ಳುವುದು ಹೇಗೆ ಎನ್ನುವುದೇ ಈ ಬರಹದ ವಿಷಯ.

ಕೂರುವ ಜಾಗದಿಂದ ಶುರುಮಾಡೋಣ. ಗಾಯಕಿ ನಡುವೆ, ಅವಳ ಎಡಕ್ಕೆ ಪಿಟೀಲು, ಬಲಕ್ಕೆ ಮೃದಂಗ. ಇದು ಬರೀ ಸಂಪ್ರದಾಯ ಅಲ್ಲ. ಬಲಕ್ಕೆ ಕೂತು ಗಾಯಕಿಯ ಕಡೆ ಮುಖ ಮಾಡಿದ ಮೃದಂಗದವನ ಬಲ ಮುಚ್ಚಿಗೆ, ಅಂದರೆ ಶ್ರುತಿಗೆ ಕೂಡಿಸುವ ಬಲಬದಿಯ ಚರ್ಮ, ಸಭೆಯ ಕಡೆ ತಿರುಗಿರುತ್ತದೆ. ಎಡಗೈ ವಾದಕರು ಬಂದರೆ ಈ ಏರ್ಪಾಡು ಅಡಿಮೇಲಾಗುತ್ತದೆ. ಪಳನಿ ಸುಬ್ರಮಣಿಯ ಪಿಳ್ಳೈಯವರಂಥ ದೊಡ್ಡ ಮೃದಂಗ ವಿದ್ವಾಂಸರಿಗೂ ಎಡಗೈಯಿಂದಾಗಿ ಈ ಜಾಗದ ಪ್ರಶ್ನೆ ಎದುರಾಗಿತ್ತು. ಇಂದಿನ ತೊಡಕು ಬೇರೆ ಬಗೆಯದು. ವೇದಿಕೆ ನಲವತ್ತು ಅಡಿ ಅಗಲ ಇದೆ, ಹಿಂದಿನ ಫ್ಲೆಕ್ಸ್‌ನಲ್ಲಿ ದಾನಿಗಳ ಹೆಸರು ಕಾಣಬೇಕು, ಫೋಟೋದಲ್ಲಿ ಎಲ್ಲರೂ ಬಿಡಿಬಿಡಿಯಾಗಿ ಬರಬೇಕು ಎಂದು ಮಕ್ಕಳನ್ನು ಎರಡೆರಡು ಮಾರು ದೂರದಲ್ಲಿ ಕೂರಿಸಿಬಿಡುತ್ತಾರೆ. ದಯವಿಟ್ಟು ಒಪ್ಪಿಕೊಳ್ಳಬೇಡಿ. ಗಾಯಕಿಯಿಂದ ಅಕ್ಕಪಕ್ಕದವರಿಗೆ ಒಂದೂಕಾಲು ಮೀಟರ್ ಸಾಕು, ಕೈಚಾಚಿದರೆ ಹೆಚ್ಚುಕಡಿಮೆ ಮುಟ್ಟಬೇಕು. ಘಟ ಅಥವಾ ಖಂಜಿರದವನು ಅರ್ಧ ಹೆಜ್ಜೆ ಹಿಂದಿರಲಿ. ಆದರೆ ಮೃದಂಗದವನ ಕೈ ಅವನಿಗೆ ಕಾಣಬೇಕು. ಹಾಗೆಯೇ ಗಾಯಕಿಯ ತಾಳದ ಕೈ ಎಲ್ಲರಿಗೂ ಕಾಣಬೇಕು. ಸಾಹಿತ್ಯಕ್ಕೆಂದು ಮುಂದಿಟ್ಟ ಟ್ಯಾಬ್ ಸ್ಟ್ಯಾಂಡ್ ಎಷ್ಟೋ ಸಲ ಆ ಕೈಯನ್ನೇ ಮರೆಮಾಡುತ್ತದೆ.

ದೂರ ಹೆಚ್ಚಾದರೆ ಏನಾಗುತ್ತದೆ ಎನ್ನುವುದಕ್ಕೆ ಲೆಕ್ಕವೇ ಇದೆ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಒಂದೂಕಾಲು ಮೀಟರ್ ದಾಟಲು 4 ಮಿಲಿಸೆಕೆಂಡ್ ಸಾಕು, ಕಿವಿಗೆ ಅದು ಗೊತ್ತೇ ಆಗುವುದಿಲ್ಲ. ಆದರೆ ಮಾನಿಟರ್ ಸ್ಪೀಕರ್ ಇಲ್ಲದ ವೇದಿಕೆಯಲ್ಲಿ ಮಕ್ಕಳು ಕೇಳಿಸಿಕೊಳ್ಳುವುದು ಸಭಾಂಗಣದ ಹಿಂಗೋಡೆಗೆ ಬಡಿದು ವಾಪಸು ಬಂದ ಶಬ್ದವನ್ನು. ಗೋಡೆ 17 ಮೀಟರ್ ದೂರ ಇದ್ದರೆ ಹೋಗಿ ಬರುವ ದಾರಿ 34 ಮೀಟರ್, ಅಂದರೆ ಒಂದು ಸೆಕೆಂಡಿನ ಹತ್ತನೇ ಒಂದು ಪಾಲು ತಡ. ನಿಮಿಷಕ್ಕೆ 80 ಅಕ್ಷರದ (ತಾಳದ ಎಣಿಕೆಯ) ನಡೆಯಲ್ಲಿ ಮೃದಂಗದವನು ಅಕ್ಷರಕ್ಕೆ ಎಂಟು ಹೊಡೆತ ಹಾಕಿದರೆ ಹೊಡೆತದಿಂದ ಹೊಡೆತಕ್ಕೆ ಇರುವ ಅಂತರ 94 ಮಿಲಿಸೆಕೆಂಡ್. ಹೆಚ್ಚುಕಡಿಮೆ ಒಂದು ಪೂರ್ತಿ ಹೊಡೆತ ತಡವಾಗಿ ಕೇಳಿಸಿದ ಹಾಗಾಯಿತು! ಗಾಯಕಿಗೆ ತಾನು ಮುಂದೆ ಹೋದೆನೇನೋ ಎಂಬ ಅನುಮಾನ ಹುಟ್ಟಿ ಎಳೆಯುತ್ತಾಳೆ. ಮೃದಂಗದವನಿಗೆ ಅವಳು ಜಗ್ಗುತ್ತಿದ್ದಾಳೆ ಅನ್ನಿಸಿ ದೂಡುತ್ತಾನೆ. ಅವನು ದೂಡಿದಷ್ಟೂ ಅವಳು ತಾಳವನ್ನು ಜೋರಾಗಿ ತಟ್ಟುತ್ತಾಳೆ. ಜೋರಾಗಿ ತಟ್ಟುವ ತಾಳ ಯಾವತ್ತೂ ನಿಧಾನವಾಗುವುದಿಲ್ಲ.

ಮೈಕ್ ಇಲ್ಲದ ಕಾಲದಲ್ಲಿ ತೊಂದರೆ ಇನ್ನೊಂದು ಬಗೆಯದಿತ್ತು, ಹಿಂದೆ ಕೂತವರಿಗೆ ಪಿಟೀಲು ಕೇಳುತ್ತಿರಲಿಲ್ಲ. ಮೈಸೂರು ಟಿ. ಚೌಡಯ್ಯನವರು ಹೆಚ್ಚುವರಿ ತಂತಿ ಕಟ್ಟಿ ಏಳು ತಂತಿಯ ಪಿಟೀಲು ಮಾಡಿಕೊಂಡದ್ದು ನಾದ ದೂರಕ್ಕೆ ಮುಟ್ಟಲಿ ಎಂದೇ. ಈಗ ದೂರದವರಿಗೆ ಬೇಕಾದಷ್ಟು ಕೇಳುತ್ತದೆ. ಕೇಳದಿರುವುದು ಪಕ್ಕದಲ್ಲಿ ಕೂತವನಿಗೆ.

ಅದಕ್ಕೇ ಮೈಕಿನವರ ಜೊತೆ ಮಾತಾಡುವುದು ಅಭ್ಯಾಸದಷ್ಟೇ ಮುಖ್ಯ. ನಮ್ಮೂರಿನ ಧ್ವನಿವರ್ಧಕದವರ ಕಿವಿ ಪಳಗಿರುವುದು ಯಕ್ಷಗಾನಕ್ಕೆ, ನಾಟಕಕ್ಕೆ. ಚೆಂಡೆಯ ಎದುರು ಭಾಗವತರ ದನಿ ನಿಲ್ಲಿಸುವುದು ಅವರಿಗೆ ನೀರು ಕುಡಿದಷ್ಟು ಸುಲಭ. ಕಚೇರಿಗೆ ಕೂತಾಗಲೂ ಅದೇ ಅಭ್ಯಾಸದಲ್ಲಿ ಎಕೋ ಏರಿಸುತ್ತಾರೆ. 300 ಮಿಲಿಸೆಕೆಂಡಿನ ಎಕೋ ಇದ್ದರೆ ಮೃದಂಗದ ಪ್ರತಿ ಹೊಡೆತದ ನೆರಳು ಅದರ ಮುಂದಿನ ಮೂರನೇ ಹೊಡೆತದ ಮೇಲೆ ಬೀಳುತ್ತದೆ, ಎಲ್ಲ ಕಲಸುಮೇಲೋಗರ. ಆದ್ದರಿಂದ ಮೊದಲ ಮಾತು: “ಅಣ್ಣ, ಎಕೋ ಪೂರ್ತಿ ತೆಗೆಯಿರಿ, ಬೇಕಾದರೆ ಆಮೇಲೆ ಹೇಳುತ್ತೇವೆ.” ಎರಡನೆಯದು ಮೈಕುಗಳ ಲೆಕ್ಕ. ಗಾಯಕಿಗೆ ಒಂದು, ಪಿಟೀಲಿಗೆ ಒಂದು, ಮೃದಂಗದ ಎರಡು ಮುಚ್ಚಿಗೆಗೆ ಎರಡು, ಘಟಕ್ಕೆ ಒಂದು, ತಂಬೂರಿಗೆ ಒಂದು ಲೈನ್. ಆರು ಚಾನೆಲ್. ಚಾನೆಲ್ ಐದೇ ಇದ್ದರೆ ಮೃದಂಗದ ಎಡಗಡೆಯದನ್ನು ಬಿಡಬಹುದು, ತಂಬೂರಿಯದನ್ನು ಬಿಡಬಾರದು.

ಗಾಯಕಿಯ ಮೈಕು ಬಾಯಿಂದ ಒಂದು ಗೇಣಿನೊಳಗೆ, ತುಸು ಕೆಳಗಿನಿಂದ ಇರಲಿ. ಪಿಟೀಲಿನದು ಕುದುರೆಯ (ತಂತಿಗಳನ್ನು ಎತ್ತಿಹಿಡಿಯುವ ಮರದ ತುಂಡಿನ) ಹತ್ತಿರ, ಕಮಾನು ತಾಗದಷ್ಟು ಎತ್ತರದಲ್ಲಿ, 25–30 ಸೆಂಟಿಮೀಟರ್ ದೂರ. ಒಂದು ಮೈಕಿಗೂ ಅದರ ವಾದ್ಯಕ್ಕೂ ಇರುವ ದೂರದ ಮೂರು ಪಟ್ಟು ಆಚೆ ಇನ್ನೊಂದು ಮೈಕು ಇರಬೇಕು ಎನ್ನುವುದು ಹಳೆಯ ನಿಯಮ, ಇಲ್ಲದಿದ್ದರೆ ಒಂದೇ ಶಬ್ದ ಎರಡು ಮೈಕಿಗೆ ಬೇರೆ ಬೇರೆ ಹೊತ್ತಿಗೆ ಹೊಕ್ಕು ಟೊಳ್ಳಾಗುತ್ತದೆ. ಹತ್ತಿರ ಕೂತಾಗ ಮೈಕನ್ನೂ ಹತ್ತಿರ ಇಡಬೇಕಾದದ್ದು ಇದಕ್ಕೇ. ಮಾನಿಟರ್ ಎರಡಾದರೂ ಕೇಳಿ ಪಡೆಯಿರಿ. ಅದನ್ನು ಮೈಕಿನ ಬೆನ್ನಿನ ದಿಕ್ಕಿನಲ್ಲಿ ಇಟ್ಟರೆ ಕುಂಯ್‌ಗುಡುವುದು ಕಡಿಮೆ. ಅದರಲ್ಲಿ ಹಾಕಬೇಕಾದದ್ದು ತಂಬೂರಿ, ಹಾಡು, ಪಿಟೀಲು. ಮೃದಂಗ ಬೇಡ, ಒಂದೂಕಾಲು ಮೀಟರ್ ದೂರದ ಮೃದಂಗ ಬರಿಗಿವಿಗೇ ಕೇಳುತ್ತದೆ. ಹಲಗೆ ಹೊಡೆದ ಟೊಳ್ಳು ವೇದಿಕೆಯಾದರೆ ಜಮಖಾನದ ಕೆಳಗೆ ಇನ್ನೊಂದು ದಪ್ಪ ಹಾಸು ಹಾಕಿ, ಇಲ್ಲವಾದರೆ ಮೃದಂಗದ ಎಡದ ನಾದಕ್ಕೆ ಇಡೀ ವೇದಿಕೆ ಗುಂಯ್ ಎನ್ನುತ್ತದೆ. ಇನ್ನು ಬಳೆ. ತೊಡೆ ತಟ್ಟಿದಾಗಲೆಲ್ಲ ಗಾಜಿನ ಬಳೆಯ ಸದ್ದು ಗಾಯಕಿಯ ಮೈಕಿನಲ್ಲಿ ನೇರ ಹೋಗುತ್ತದೆ. ತಾಳದ ಕೈ ಬರಿದಾಗಿರಲಿ. ಅಜ್ಜಿಯರಿಗೆ ಬೇಸರವಾಗಬಹುದು, ಏನು ಮಾಡುವುದು.

ಈ ಜಿಲ್ಲೆಗಳಲ್ಲಿ ಸ್ಯಾಕ್ಸೋಫೋನ್ ಹಿಡಿದ ಮಕ್ಕಳೂ ಬಹಳ. ಕದ್ರಿ ಗೋಪಾಲನಾಥರು (1949–2019) ಆ ವಿದೇಶಿ ವಾದ್ಯದ ಬಾಯಲ್ಲಿ ಗಮಕ (ಸ್ವರದ ಓಲಾಟ) ಹೊರಡಿಸಿ ತೋರಿಸಿದ ಮೇಲೆ ಅದು ಇಲ್ಲಿನದೇ ಆಗಿಹೋಯಿತು. ಸ್ಯಾಕ್ಸೋಫೋನ್ ಕಚೇರಿಯಲ್ಲಿ ತೊಂದರೆ ತಿರುಗಾಮುರುಗಾ: ಮುಖ್ಯ ವಾದ್ಯ ಎಲ್ಲರಿಗೂ ಕೇಳುತ್ತದೆ, ಪಿಟೀಲಿನವಳಿಗೆ ತನ್ನ ಪಿಟೀಲೇ ಕೇಳುವುದಿಲ್ಲ. ಆಗ ಅವಳು ಕಮಾನನ್ನು ಒತ್ತುತ್ತಾಳೆ, ಒತ್ತಿದ ಕಮಾನು ಕಿರುಗುಟ್ಟುತ್ತದೆ. ಅವಳ ಮಾನಿಟರಿನಲ್ಲಿ ಅವಳದೇ ಪಿಟೀಲನ್ನು ಮೇಲೆ ಹಾಕಿಸಿ.

ಈಗ ಶ್ರುತಿ. ಯಕ್ಷಗಾನದ ಭಾಗವತರು ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಕಪ್ಪು ಒಂದು, ಬಿಳಿ ಐದು ಎನ್ನುವುದನ್ನೇ ಕಚೇರಿಯವರು ಒಂದೂವರೆ, ಐದು ಮನೆ ಎನ್ನುತ್ತಾರೆ. ಹುಡುಗಿಯರು ಸಾಮಾನ್ಯವಾಗಿ ನಾಲ್ಕೂವರೆಯಿಂದ ಐದೂವರೆ, ದನಿ ಒಡೆದ ಹುಡುಗರು ಒಂದರಿಂದ ಎರಡೂವರೆ. ಪಿಟೀಲನ್ನು ನಾವು ಸ–ಪ–ಸ–ಪ ಎಂದು ಕೂಡಿಸುವುದರಿಂದ ಐದು ಮನೆಗೆ ಅದು ಬಹಳ ಆರಾಮ: ಪಾಶ್ಚಾತ್ಯ ಕ್ರಮದ ಕೆಳಗಿನ ಎರಡು ತಂತಿ ಇದ್ದಲ್ಲೇ ಇರುತ್ತವೆ, ಮೇಲಿನ ಎರಡನ್ನು ಒಂದೊಂದು ಪೂರ್ಣ ಸ್ವರ ಇಳಿಸಿದರಾಯಿತು. ಅದೇ ಪಿಟೀಲನ್ನು ಒಂದು ಮನೆಗೆ ಇಳಿಸಿದರೆ ತಂತಿ ಹಗ್ಗದಂತೆ ಜೋಲುತ್ತದೆ, ದಪ್ಪ ತಂತಿ ಬೇಕಾಗುತ್ತದೆ. ಒಂದೇ ದಿನ ಹುಡುಗಿಗೂ ಹುಡುಗನಿಗೂ ಪಿಟೀಲು ನುಡಿಸುವವನು ಎರಡು ವಾದ್ಯ ತರಬೇಕು. ಮೃದಂಗದವನಿಗಂತೂ ಇದು ಹೇಳಬೇಕಾದ ಮಾತಲ್ಲ: ಎತ್ತರದ ಶ್ರುತಿಗೆ 22 ಇಂಚಿನ ಆಸುಪಾಸಿನದು, ತಗ್ಗಿಗೆ 24ರದು.

ಕರಾವಳಿಯ ಗಾಳಿ ಇಲ್ಲಿ ಆರನೇ ಕಲಾವಿದ. ನವರಾತ್ರಿಯಲ್ಲೂ ಒಮ್ಮೊಮ್ಮೆ ಮಳೆ ಬಿಡುವುದಿಲ್ಲ. ತೇವ ಕುಡಿದ ಚರ್ಮ ಸಡಿಲವಾಗಿ ಮೃದಂಗದ ಶ್ರುತಿ ಇಳಿಯುತ್ತದೆ. ಪಿಟೀಲಿನ ತಂತಿ ಬಿಗಿಯುವ ಬಿರಡೆ ಉಬ್ಬಿ ತಿರುಗಲೊಲ್ಲದು. ಅಲ್ಲಿಂದ ಎಸಿ ಸಭಾಂಗಣಕ್ಕೆ ಹೋದರೆ ಎಲ್ಲವೂ ಉಲ್ಟಾ: ಚರ್ಮ ಒಣಗಿ ಬಿಗಿಯುತ್ತದೆ, ಶ್ರುತಿ ಏರುತ್ತದೆ, ಬಿರಡೆ ಸೊರಗಿ ತಾನಾಗಿ ಜಾರುತ್ತದೆ. ಜಾರುವ ಬಿರಡೆಗೆ ಸೀಮೆಸುಣ್ಣ, ಕಚ್ಚಿಕೊಂಡ ಬಿರಡೆಗೆ ಒಣ ಸಾಬೂನು, ಎರಡೂ ಪೆಟ್ಟಿಗೆಯಲ್ಲಿರಲಿ. ವಾದ್ಯಗಳನ್ನು ಕಚೇರಿಗೆ ಮುಕ್ಕಾಲು ಗಂಟೆ ಮೊದಲೇ ಅದೇ ಸಭಾಂಗಣದ ಗಾಳಿಗೆ ತೆರೆದಿಟ್ಟರೆ ಅರ್ಧ ಮಂಡೆಬಿಸಿ ಕಡಿಮೆ. ಎಸಿಯನ್ನು ಜನ ಬಂದ ಮೇಲೆ ಹಾಕುತ್ತಾರೋ ಮೊದಲೇ ಹಾಕುತ್ತಾರೋ ಎಂದು ಕೇಳಿಕೊಳ್ಳಬೇಕು. ವರ್ಣ (ಕಚೇರಿಯ ಮೊದಲ ರಚನೆ) ಮುಗಿಯುವ ಹೊತ್ತಿಗೆ ಎಸಿ ಶುರುವಾಯಿತೆಂದರೆ ಮೂರನೇ ಕೃತಿಗೆ ಮೃದಂಗ ಮೇಲೆ ಹೋಗಿಯೇ ತೀರುತ್ತದೆ.

ಮೃದಂಗ ಕೂಡಿಸುವಾಗ ಬಲ ಮುಚ್ಚಿಗೆಯ ಹೆಣಿಗೆಯ ಮೇಲೆ ಮರದ ತುಂಡು ಇಟ್ಟು ಕಲ್ಲಿನಿಂದ ಮೇಲಿಂದ ಕೆಳಕ್ಕೆ ಹೊಡೆದರೆ ಶ್ರುತಿ ಏರುತ್ತದೆ, ಕೆಳಗಿನಿಂದ ಮೇಲಕ್ಕೆ ಹೊಡೆದರೆ ಇಳಿಯುತ್ತದೆ. ಬಾರು ಹಾಯುವ ಹದಿನಾರು ಕಣ್ಣುಗಳೂ ಒಂದೇ ಸ್ವರ ಕೊಡಬೇಕು; ಒಂದು ಕಡೆ ಹೊಡೆದ ಮೇಲೆ ಅದರ ನೇರ ಎದುರಿನದನ್ನು ನೋಡುತ್ತ ಹೋಗುವುದು ಕ್ರಮ. ಎಡಕ್ಕೆ ಮೆತ್ತುವ ರವೆಯ ಮುದ್ದೆ ಎಸಿಯಲ್ಲಿ ಬೇಗ ಒಣಗಿ ಬಿರುಕು ಬಿಡುತ್ತದೆ, ಹತ್ತಿರ ಒಂದು ಬಟ್ಟಲು ನೀರು ಇರಲೇಬೇಕು. ಖಂಜಿರದವನಿಗೂ ಅದೇ ನೀರು: ಒಳಗಿಂದ ಚರ್ಮಕ್ಕೆ ನಾಲ್ಕು ಹನಿ ಸವರಿದರೆ ಇಳಿಯುತ್ತದೆ. ಹೆಚ್ಚಾದರೆ ಮಾತ್ರ ತನಿ (ತಾಳವಾದ್ಯಗಳಷ್ಟೇ ನುಡಿಸುವ ಭಾಗ) ಮುಗಿದರೂ ಏರುವುದಿಲ್ಲ. ಹಾಗಾಗಿ ಎರಡು ಖಂಜಿರ ತರುವವನೇ ಜಾಣ. ಘಟದ ಶ್ರುತಿ ಸುಟ್ಟ ಮಣ್ಣಿನಲ್ಲೇ ಬರೆದಾಗಿರುತ್ತದೆ. ಶ್ರುತಿಗೆ ತಕ್ಕ ಘಟವನ್ನೇ ಆರಿಸಿ ತರಬೇಕು. ಒಳಗೆ ಮೇಣದಂಥದ್ದು ಮೆತ್ತಿ ಕೂದಲೆಳೆಯಷ್ಟು ಇಳಿಸಬಹುದು, ಅಷ್ಟೇ.

ಇಷ್ಟೆಲ್ಲ ಕೂಡಬೇಕಾದದ್ದು ಯಾವುದಕ್ಕೆ? ತಂಬೂರಿಗೆ. ಎಲ್ಲರೂ ತಂಬೂರಿಗೇ ಕೂಡಿಸಿಕೊಳ್ಳಬೇಕು. ಪಿಟೀಲು ತಂಬೂರಿಗೆ, ಮೃದಂಗ ಪಿಟೀಲಿಗೆ, ಘಟ ಮೃದಂಗಕ್ಕೆ ಎಂದು ಸರಪಳಿ ಮಾಡಿದರೆ ಒಬ್ಬೊಬ್ಬರ ಎಳ್ಳಷ್ಟು ತಪ್ಪು ಕೊನೆಯವನಲ್ಲಿ ಅಂಗೈಯಗಲ ಆಗಿರುತ್ತದೆ. ಈಗಿನ ತಂಬೂರಿ ಮೊಬೈಲಿನಲ್ಲಿ. ಅದನ್ನು ಫ್ಲೈಟ್ ಮೋಡಿಗೆ ಹಾಕಿ, ಬ್ಲೂಟೂತ್ ನಂಬದೆ ತಂತಿಯಲ್ಲೇ ಕೊಡಿ, ಚಾರ್ಜ್ ನೋಡಿಕೊಳ್ಳಿ. ನೆರವಲ್ (ಒಂದೇ ಸಾಲನ್ನು ಬಗೆಬಗೆಯಾಗಿ ಬೆಳೆಸಿ ಹಾಡುವುದು) ನಡುವೆ ಮದುವೆಯ ಕರೆ ಬಂದು ತಂಬೂರಿ ನಿಂತರೆ ಶ್ರುತಿಯ ನೆಲವೇ ಜಾರಿದ ಹಾಗೆ.

ಕೃತಿಗಳ ಆಯ್ಕೆಗೆ ಬರೋಣ. ಇಂದಿನ ಕಚೇರಿಯ ಚೌಕಟ್ಟು ಬಹುಮಟ್ಟಿಗೆ ಗಾಯಕ ಅರಿಯಕುಡಿ ರಾಮಾನುಜ ಅಯ್ಯಂಗಾರ್ಯರು (1890–1967) ರೂಢಿಗೆ ತಂದದ್ದು. ಮೊದಲು ವರ್ಣ, ಚುರುಕಾದ ಕೃತಿಗಳು, ನಡುವೆ ಒಂದು ದೊಡ್ಡದು, ಕೊನೆಗೆ ಚಿಕ್ಕವು. ಒಂದೂವರೆ ಗಂಟೆಗೆ ಹೀಗೆ ಹಂಚಬಹುದು: ವರ್ಣ 6 ನಿಮಿಷ, ನಾಲ್ಕು ಸುತ್ತು ಸ್ವರದ ಜೊತೆ ‘ವಾತಾಪಿ’ ಕೃತಿ 9, ಪುಟ್ಟ ಆಲಾಪನೆಯ ಎರಡನೇ ಕೃತಿ 14, ಓಡುವ ನಡೆಯ ಒಂದು 5, ಪ್ರಧಾನ ಕೃತಿ 38, ಉಗಾಭೋಗ ಸೇರಿ ಒಂದು ದೇವರನಾಮ 7, ಇನ್ನೊಂದು 5, ಮಂಗಳ 2. ಒಟ್ಟು 86, ಉಳಿದ ನಾಲ್ಕು ನಿಮಿಷ ಶ್ರುತಿಗೆ. ಪ್ರಧಾನದ 38ರಲ್ಲಿ ಗಾಯಕಿಯ ಆಲಾಪನೆ 8, ಪಿಟೀಲಿನದು 5, ಕೃತಿ–ನೆರವಲ್–ಸ್ವರ 15, ತನಿ ಆವರ್ತನ 10. ಉಡುಪಿಯಲ್ಲಾದರೆ ಪ್ರಧಾನಕ್ಕೆ ಮುತ್ತುಸ್ವಾಮಿ ದೀಕ್ಷಿತರ ಭೈರವಿಯ ‘ಬಾಲಗೋಪಾಲ’ಕ್ಕಿಂತ ಚೆನ್ನಾಗಿ ಒಪ್ಪುವ ಕೃತಿಗಳು ಕಡಿಮೆ. ಕಡಗೋಲು ಹಿಡಿದ ಬಾಲಕೃಷ್ಣನ ಊರಲ್ಲವೇ. ಕೊನೆಗೆ ವ್ಯಾಸರಾಯರ ‘ಕೃಷ್ಣಾ ನೀ ಬೇಗನೆ ಬಾರೋ’, ಯಮುನಾಕಲ್ಯಾಣಿ ರಾಗ, ಮಿಶ್ರಛಾಪು ತಾಳ. ಹಿಂದಿನ ಒಂದು ಗಂಟೆ ಆದಿತಾಳದಲ್ಲೇ ಕಳೆದವರಿಗೆ ಆ ಏಳರ ನಡೆ ಗಾಳಿ ಬೀಸಿದಂತಿರುತ್ತದೆ.

ಜೊತೆಗೂಡಿ ಅಭ್ಯಾಸ ಎರಡೇ ಸಲ ಸಿಕ್ಕಿದರೆ? ಮೊದಲನೆಯದರಲ್ಲಿ ಪ್ರತಿ ಕೃತಿಯ ಎಡುಪು (ತಾಳದಲ್ಲಿ ಹಾಡು ಎತ್ತುವ ಜಾಗ), ಸಂಗತಿ (ಒಂದೇ ಸಾಲಿನ ಬದಲಾಗುತ್ತ ಹೋಗುವ ರೂಪ) ಎಷ್ಟು ಸಲ, ಎಲ್ಲಿ ಪಲ್ಲವಿಗೆ ಮರಳುವುದು, ಇಷ್ಟನ್ನು ಮಾತ್ರ ನೋಡಿ, ಆಲಾಪನೆ ಬೇಡ. ಎರಡನೆಯದನ್ನು ಗಡಿಯಾರ ಇಟ್ಟು, ಮೈಕಿಲ್ಲದೆ, ನಿಲ್ಲಿಸದೆ ಪೂರ್ತಿ ಹಾಡಿ, ಧ್ವನಿಮುದ್ರಿಸಿಕೊಳ್ಳಿ. ಮೆಟ್ರೊನೋಮಿನಿಂದ ಪ್ರತಿ ಹಾಡಿನ ಮೊದಲ ಮತ್ತು ಕೊನೆಯ ಆವರ್ತನದ (ತಾಳದ ಒಂದು ಸುತ್ತಿನ) ನಡೆ ಅಳೆದರೆ ಎಲ್ಲಿ ಓಡುತ್ತೇವೆ ಎನ್ನುವುದು ಕಣ್ಣಿಗೇ ಕಾಣುತ್ತದೆ. ಕಲ್ಪನಾಸ್ವರದ ಎರಡನೇ ಕಾಲದಲ್ಲಿ ಓಡದ ಎಳೆಯರ ತಂಡ ಅಪರೂಪ. ಸ್ವರಗಳನ್ನೇ ಬಾಯಿಪಾಠ ಮಾಡಿಸಿ ಪಿಟೀಲಿನವನಿಗೂ ಬರೆದುಕೊಡುವ ಪದ್ಧತಿ ಈಚೆಗೆ ಕಾಣುತ್ತಿದೆ. ಅದು ನಮಗೆ ಸರಿ ಕಾಣುವುದಿಲ್ಲ. ಮೊದಲೇ ಗೊತ್ತಿದ್ದರೆ ಕಿವಿಗೆ ಕೆಲಸವೇನು? ಗೊತ್ತುಮಾಡಿಕೊಳ್ಳಬೇಕಾದದ್ದು ಅಳತೆ ಮಾತ್ರ: ಎರಡು ಆವರ್ತನ, ಒಂದು, ಅರ್ಧ, ಕಾಲು ಎಂದು ಇಳಿಯುವ ಕುರೈಪ್ಪಿನ ಮೆಟ್ಟಿಲುಗಳು, ಮತ್ತು ಕೊನೆಯ ಮುಕ್ತಾಯ.

ಮುಕ್ತಾಯದ ಲೆಕ್ಕ ಎಡುಪನ್ನು ನೋಡಿ ಆಗಬೇಕು. ಎಂಟು ಅಕ್ಷರದ ಆದಿತಾಳದ ಒಂದು ಕಳೆಯಲ್ಲಿ, ಅಂದರೆ ಅಕ್ಷರಕ್ಕೆ ನಾಲ್ಕು ಮಾತ್ರೆಯ ಲೆಕ್ಕದಲ್ಲಿ, ಆವರ್ತನಕ್ಕೆ 32 ಮಾತ್ರೆ, ಎರಡು ಆವರ್ತನಕ್ಕೆ 64. ಹದಿನೈದು ಮಾತ್ರೆಯ ಗುಚ್ಛ ಮೂರು ಸಲ, 45. ಆಮೇಲೆ ‘ತದಿಂಗಿಣತೊಂ’ ಐದು ಮಾತ್ರೆಯದು ಮೂರು ಸಲ, ನಡುವೆ ಎರಡೆರಡರ ಅಂತರ: 5+2+5+2+5, ಹತ್ತೊಂಬತ್ತು. ಸರಿಯಾಗಿ 64, ಸಮಕ್ಕೆ, ಅಂದರೆ ತಾಳದ ಮೊದಲ ಎಣಿಕೆಗೆ, ಬಂದು ಕೂರುತ್ತದೆ. ಆದರೆ ಕೃತಿ ಒಂದೂವರೆ ಅಕ್ಷರ ಬಿಟ್ಟು ಎತ್ತುವುದಾದರೆ 6 ಮಾತ್ರೆ ಹೆಚ್ಚು ಬೇಕು. ಅಂತರವನ್ನು ಎರಡರಿಂದ ಐದಕ್ಕೆ ಏರಿಸಿ: 45+25, ಎಪ್ಪತ್ತು. ಹುಡುಗರು ಎಡವುವುದು ಇಲ್ಲೇ. ಸಮಕ್ಕೆ ಕಲಿತ ಮುಕ್ತಾಯವನ್ನೇ ಹಾಕಿ ಆರು ಮಾತ್ರೆ ಮೊದಲೇ ಮುಗಿಸುತ್ತಾರೆ, ಗಾಯಕಿ ಗಾಬರಿಯಲ್ಲಿ ಸಮಕ್ಕೇ ಎತ್ತಿಬಿಡುತ್ತಾಳೆ. ಪ್ರತಿ ಎಡುಪಿಗೂ ಮುಕ್ತಾಯ ಯಾವುದು ಎಂದು ಮೃದಂಗ, ಘಟ ಇಬ್ಬರೂ ಮೊದಲೇ ಬಾಯಲ್ಲಿ ಹೇಳಿ, ತಾಳ ಹಾಕಿ ನೋಡಿರಬೇಕು.

ಇಷ್ಟು ಮಾಡಿ ಹೋದರೂ ಉತ್ಸವ ಉತ್ಸವವೇ. ಸಭಾ ಕಾರ್ಯಕ್ರಮ ಲಂಬಿಸುತ್ತದೆ. ಶಾಲು, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ, ಕೊನೆಗೆ ಧನ್ಯವಾದ ಹೇಳುವವರ ಭಾಷಣ. ತೊಂಬತ್ತು ನಿಮಿಷ ಅರವತ್ತಾಗಿರುತ್ತದೆ. ಏನು ಬಿಡಬೇಕೆಂದು ವೇದಿಕೆಯ ಮೆಟ್ಟಿಲಲ್ಲಿ ಚರ್ಚಿಸುವುದಲ್ಲ. ಎರಡನೇ ಕೃತಿ, ಓಡುವ ಕೃತಿ, ಐದು ನಿಮಿಷದ ದೇವರನಾಮ ಬಿಟ್ಟರೆ 24 ನಿಮಿಷ ಉಳಿತಾಯ; ನೆರವಲ್ ಕೈಬಿಟ್ಟರೆ ಇನ್ನು ನಾಲ್ಕು. 58ಕ್ಕೆ ಬಂತು, ಶ್ರುತಿಗೆ ಎರಡು. ತನಿಯನ್ನು ಕತ್ತರಿಸುವುದು ಎಲ್ಲಕ್ಕಿಂತ ಸುಲಭ ಎಂದು ಕಾಣುತ್ತದೆ, ಹೆಚ್ಚಿನವರು ಮಾಡುವುದೂ ಅದನ್ನೇ. ಆದರೆ ಮಣಭಾರದ ಮೃದಂಗ ಹೊತ್ತು ಬಂದ ಹುಡುಗನಿಗೆ ಅವನದೇ ಆದ ಹತ್ತು ನಿಮಿಷ ಅದೊಂದೇ.

ದೇವಸ್ಥಾನದ ಆವರಣವಾದರೆ ಮಹಾಪೂಜೆ ಎಷ್ಟು ಹೊತ್ತಿಗೆ, ರಥ ಹೊರಡುವುದು ಯಾವಾಗ ಎಂದು ಮೊದಲೇ ಕೇಳಿಟ್ಟುಕೊಳ್ಳಿ. ಜಾಗಟೆ, ಕೊಂಬು, ಮೇಲಿಂದ ಗರ್ನಾಲು. ಅದರೆದುರು ಭೈರವಿಯ ಆಲಾಪನೆ ನಿಲ್ಲುವುದಿಲ್ಲ. ಆ ಹೊತ್ತಿಗೆ ತನಿ ಬರುವಂತೆ ಹೊಂದಿಸಿಕೊಂಡರೆ ಅರ್ಧ ಪಾರು. ಆಗದಿದ್ದರೆ ನಿಲ್ಲಿಸಿ, ಕೈಮುಗಿದು ಕೂತು, ಸದ್ದು ಪೂರ್ತಿ ಅಡಗಿದ ಮೇಲೆ ತಂಬೂರಿಗೆ ಇನ್ನೊಮ್ಮೆ ಎಲ್ಲರೂ ಕೂಡಿಸಿಕೊಂಡು ಮುಂದುವರಿಯಬೇಕು. ಹೊಟ್ಟೆಯ ವಿಷಯ ಒಂದೇ ಮಾತು: ಗೋಳಿಬಜೆ ಕಚೇರಿ ಆದ ಮೇಲೆ.

ಕೊನೆಗೊಂದು ಸಣ್ಣ ಸಂಗತಿ. ಮಂಗಳ ಮುಗಿದ ಕೂಡಲೇ ಯಾರೋ ಒಬ್ಬರು ಮೊಬೈಲಿಗೆ ಕೈಹಾಕಿ ತಂಬೂರಿಯನ್ನು ಟಕ್ಕನೆ ಆರಿಸುತ್ತಾರೆ, ಪರದೆಯ ಹಿಂದೆ ಮೈಕಿನ ಅಣ್ಣ ಎಲ್ಲ ಚಾನೆಲ್ ಇಳಿಸುತ್ತಾನೆ. ಹಾಗೆ ಮಾಡದೆ, ಮಂಗಳದ ಕೊನೆಯ ಷಡ್ಜ ನಿಂತ ಮೇಲೂ ತಂಬೂರಿ ಒಂದರ್ಧ ನಿಮಿಷ ಹಾಗೇ ಇರಲಿ. ಅದನ್ನು ಆರಿಸುವವರು ಯಾರು ಎನ್ನುವುದನ್ನೂ ಅಭ್ಯಾಸದ ದಿನವೇ ಗೊತ್ತುಮಾಡಿಕೊಳ್ಳಿ. ಅಷ್ಟರಲ್ಲಿ ಪಿಟೀಲಿನವನು ಕಮಾನು ಸಡಿಲಿಸಿ, ತಂತಿಯ ಮೇಲಿನ ರಾಳ ಒರೆಸಿ, ಮೃದಂಗದವನು ಎಡದ ರವೆ ಕೆರೆದು ತೆಗೆದಿರುತ್ತಾನೆ.